ಖಾಲಿ ತಿರುಗುವ ಯಂತ್ರ

ಬಾವಿಗೆ ಬಿದ್ದವರ ಕತೆಯನ್ನು ಕಟ್ಟೆಯ ಬಳಿ ನಿಂತವರೇ ಹೇಳಬೇಕು. ಇದೂ ಹಾಗೆ ನಿಂತವರ ಬಾಯಿಂದ ಬಂದದ್ದು.

ವೃದ್ಧಾಶ್ರಮವೊಂದಕ್ಕೆ ಒಬ್ಬ ಮೇಟ್ರನ್ ಇದ್ದಳು. ಅವಳ ಹೆಸರೆತ್ತಿದರೆ ಊರಿನವರು ಕೈಮುಗಿಯುತ್ತಿದ್ದರು. ಮುದುಕರಿಗೆ ಸ್ನಾನ ಮಾಡಿಸುವ ಕೆಲಸವನ್ನು ಅವಳು ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಅದನ್ನೂ ಜನ ದೊಡ್ಡ ಗುಣವೆಂದೇ ಹೊಗಳುತ್ತಿದ್ದರು.

ಬಚ್ಚಲಿನ ಗೋಡೆಗೆ ಅಂಟಿಕೊಂಡೇ ಬಟ್ಟೆ ಒಗೆಯುವ ಕೋಣೆ. ಅಲ್ಲಿ ಮೂವರು: ಒಗೆಯುವವಳು, ಹರಿದ ಹೊದಿಕೆಗಳನ್ನು ಹೊಲಿಯುವ ದರ್ಜಿ, ಹೊಸದಾಗಿ ಸೇರಿದ ಇಸ್ತ್ರಿಯವಳು. ಆ ಕೋಣೆಗೊಂದು ವಾಡಿಕೆ ಇತ್ತು. ಮೇಟ್ರನ್ ಯಾರನ್ನಾದರೂ ಬಚ್ಚಲಿಗೆ ಕರೆದೊಯ್ದು ಅಗುಳಿ ಹಾಕಿದಳೆಂದರೆ, ಹತ್ತಿರವಿದ್ದವರು ಒಗೆಯುವ ಯಂತ್ರದ ಗುಂಡಿ ಒತ್ತಬೇಕು. ಒಳಗೆ ಬಟ್ಟೆಯ ಚೂರೂ ಇಲ್ಲದಿದ್ದರೂ ಸರಿ. ಆ ಹಳೆಯ ಯಂತ್ರ ಗಡಗಡನೆ ತಿರುಗಿ ಕಿಟಕಿಯ ಗಾಜನ್ನೂ ನಡುಗಿಸುತ್ತಿತ್ತು.

“ಖಾಲಿ ಮೆಷಿನ್ ಯಾಕಕ್ಕಾ ತಿರುಗಿಸ್ತೀರಾ?” ಎಂದು ಇಸ್ತ್ರಿಯವಳು ಮೊದಲ ದಿನವೇ ಕೇಳಿದ್ದಳು.

“ಕೂತಲ್ಲೇ ಕೂತ್ರೆ ತುಕ್ಕು ಹಿಡಿಯುತ್ತೆ ಕಣೇ,” ಎಂದಿದ್ದಳು ಒಗೆಯುವವಳು.

“ಹಾಗಾದ್ರೆ ದರ್ಜಿಯಣ್ಣನಿಗೆ ಹಿಡಿದು ಎಷ್ಟು ವರ್ಷ ಆಯ್ತೋ!”

ದರ್ಜಿ ನಕ್ಕಿರಲಿಲ್ಲ. “ಹೇಳಿದಷ್ಟು ಮಾಡಮ್ಮ,” ಎಂದು ಸೂಜಿಗೆ ದಾರ ಪೋಣಿಸತೊಡಗಿದ್ದ.

ಅವಳು ಅದನ್ನು ಕಸುಬಿನ ಕಟ್ಟಳೆಯೆಂದೇ ನಂಬಿದಳು. ಇಸ್ತ್ರಿಯ ಮೇಜು ಯಂತ್ರದ ಪಕ್ಕದಲ್ಲೇ ಇದ್ದುದರಿಂದ ಗುಂಡಿ ಒತ್ತುವುದು ಕ್ರಮೇಣ ಅವಳ ಪಾಲಿಗೇ ಬಂತು. ಇಂಥ ಜಾಗ ಬೇರೆಲ್ಲಿ ಸಿಕ್ಕೀತು ಎಂದುಕೊಂಡು, ತನ್ನನ್ನು ಸಾಕಿ ಬೆಳೆಸಿದ ಸೋದರತ್ತೆಯನ್ನೂ ಅಲ್ಲಿಗೇ ತಂದು ಸೇರಿಸಿದಳು.

ಒಂದು ಬೆಳಿಗ್ಗೆ ಅತ್ತೆಯ ತಲೆ ಬಾಚುತ್ತಿದ್ದಾಗ ಸೆರಗು ಜಾರಿತು. ತೋಳಿನ ಮೇಲೆ ಬೆರಳುಗಳ ನೀಲಿ ಗುರುತು; ಅದರ ಕೆಳಗೆ ಬಿಸಿನೀರಿನ ಬೊಬ್ಬೆ.

“ಇದೇನತ್ತೇ?”

ಮುದುಕಿ ಬಾಗಿಲಿನ ಕಡೆ ನೋಡಿ ದನಿ ತಗ್ಗಿಸಿದಳು. “ನೀನು ಗೋಡೆ ಆಚೆನೇ ಇರ್ತೀಯ ಅಂತ ಗೊತ್ತಿತ್ತು. ಪುಟ್ಟೀ, ಪುಟ್ಟೀ ಅಂತ ಕೂಗಿದೆ. ಅಷ್ಟರಲ್ಲಿ ಆ ಹಾಳು ಮೆಷಿನ್ ಶುರುವಾಯ್ತು. ಇವತ್ತೂ ಸ್ನಾನ ಇದೆ ಕಣೇ.”

ಇಸ್ತ್ರಿಯವಳು ಗುಂಡಿ ಒತ್ತುವ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡು ಒಗೆಯುವ ಕೋಣೆಗೆ ಓಡಿದಳು.

“ಮೂರೂ ಜನ ಹೋಗಿ ಆಡಳಿತದವರಿಗೆ ಹೇಳೋಣ, ಬನ್ನಿ ಅಕ್ಕಾ!”

“ಊರೆಲ್ಲ ದೇವತೆ ಅನ್ನೋವಾಗ ನಮ್ಮ ಮಾತು ಯಾರು ನಂಬ್ತಾರೆ?” ಎಂದಳು ಒಗೆಯುವವಳು. “ ದರ್ಜಿಯಣ್ಣ ಹಳಬರು. ಅವರೇ ಸುಮ್ನಿದಾರೆ ಅಂದ್ಮೇಲೆ ಏನೂ ಇರಲಾರದು ಅಂದ್ಕೊಂಡೆ.”

“ನೀನು ಸುಮ್ನಿದ್ದೀಯ ಅಂತ್ಲೇ ನಾನೂ ಸುಮ್ನಿದ್ದೆ,” ಎಂದ ದರ್ಜಿ. “ನೀರಲ್ಲಿದ್ದು ಮೊಸಳೆ ಹಗೆ ಕಟ್ಕೋಬಾರದು.”

ಮಾತು ಮುಗಿಯುವ ಮೊದಲೇ ಗೋಡೆಯಾಚೆ ಚಪ್ಪಲಿ ಎಳೆದಾಡಿದ ಸದ್ದಾಯಿತು. ಅತ್ತೆಯ ಚಪ್ಪಲಿ. ಅಗುಳಿ ಬಿತ್ತು.

“ಒತ್ತು,” ಎಂದ ದರ್ಜಿ. ಅವಳು ಒತ್ತಲಿಲ್ಲ. “ಒತ್ತೇ!” ಎಂದಳು ಒಗೆಯುವವಳು, ಅಳುದನಿಯಲ್ಲಿ.

ಆ ಕೋಣೆ ಅಷ್ಟು ನಿಶ್ಶಬ್ದವಾಗಿದ್ದುದನ್ನು ಯಾರೂ ಕಂಡಿರಲಿಲ್ಲ. ನೀರು ಬೀಳುವುದು ಕೇಳಿಸಿತು. ಏನೋ ಗೋಡೆಗೆ ಬಡಿದದ್ದು ಕೇಳಿಸಿತು. ಆಮೇಲೆ ತೆಳುವಾಗಿ, “ಪುಟ್ಟೀ...”

ಅವಳು ಬಚ್ಚಲಿನ ಬಾಗಿಲಿಗೆ ಹಾರುವಷ್ಟರಲ್ಲಿ ಅಗುಳಿ ಸರಿಯಿತು. ಮೇಟ್ರನ್ ಒದ್ದೆ ಕೈಗಳನ್ನು ಒರೆಸಿಕೊಳ್ಳುತ್ತ ಹೊಸ್ತಿಲಲ್ಲಿ ನಿಂತಿದ್ದಳು. ಮುಖದ ಮೇಲೆ ಎಂದಿನ ನಗು.

“ಮೆಷಿನ್ ಯಾಕೆ ನಿಂತಿದೆ?”

ತಮ್ಮ ವಾಡಿಕೆ ಅವಳಿಗೆ ತಿಳಿದಿಲ್ಲವೆಂದೇ ಮೂವರೂ ಎಣಿಸಿದ್ದರು.

“ನಾವು... ಕೇಳಿಸ್ಕೊಳ್ತಾ ಇದ್ವಿ,” ಎಂದಳು ಇಸ್ತ್ರಿಯವಳು.

“ನಾವು ಅಂದ್ರೆ ಯಾರ್ಯಾರು?” ಎಂದಳು ಮೇಟ್ರನ್, ಮೆತ್ತಗೆ.

ಇಸ್ತ್ರಿಯವಳು ತಿರುಗಿ ನೋಡಿದಳು. ಒಬ್ಬಳು ಬಕೆಟ್ಟಿನ ಮೇಲೆ ಬಾಗಿದ್ದಳು. ಒಬ್ಬ ಹೊಲಿದ ಹೊದಿಕೆಯನ್ನೇ ಮತ್ತೆ ಹೊಲಿಯುತ್ತಿದ್ದ.

ಅವಳು ಮೇಜಿನ ಮೇಲಿದ್ದ, ಇಸ್ತ್ರಿಯ ಬಿಸಿ ಆರದ ಹೊದಿಕೆಯೊಂದನ್ನು ಎತ್ತಿಕೊಂಡು ಮೇಟ್ರನ್‌ಳನ್ನು ದಾಟಿ ಒಳಹೊಕ್ಕಳು. ಅದನ್ನು ಅತ್ತೆಗೆ ಸುತ್ತಿ, ಅವಳನ್ನು ತಬ್ಬಿ ಹಿಡಿದು ಹೊರಟಳು. ಯಾರೂ ತಡೆಯಲಿಲ್ಲ. ಇಬ್ಬರೂ ಗೇಟು ಮುಟ್ಟುವ ಹೊತ್ತಿಗೆ, ಹಿಂದೆ ಯಾವನೋ ಮುದುಕ “ಬೇಡಮ್ಮಾ” ಎಂದದ್ದು ಕೇಳಿತು. ಅದರ ಮೇಲೆ ಯಂತ್ರ ಗಡಗಡಿಸಿತು.

ಅಂದು ಗುಂಡಿ ಒತ್ತಿದವರು ಯಾರು? ಒಗೆಯುವವಳ ಪ್ರಕಾರ ಅವಳ ಕೈತುಂಬ ಸೋಪಿನ ನೊರೆಯಿತ್ತು. ದರ್ಜಿಯ ಪ್ರಕಾರ ಅವನು ಹೊಲಿಗೆಯಿಂದ ತಲೆ ಎತ್ತಿರಲೇ ಇಲ್ಲ.