ಜೋಡಿಯಾಗಿ ಬಂದರೆ ಮಾತ್ರ

ಗ್ರಂಥಾಲಯದಲ್ಲಿ ಒಂದೇ ಒಂದು ಕಾದಂಬರಿಗೆ ಬೀಗ ಹಾಕಿದ ಕಪಾಟಿನ ವಾಸ. ದೊಡ್ಡ ಬಂಗಲೆಯ ಯಜಮಾನಿ ತನ್ನ ಸಾರೋಟು ಓಡಿಸುವವನಿಗೇ ಮನಸೋತ ಕತೆ ಅದು. ಅಚ್ಚಾದ ಕಾಲದಲ್ಲಿ ಜನ ಅದನ್ನು ಬೀದಿಯಲ್ಲಿ ಸುಟ್ಟಿದ್ದರಂತೆ. ಸುಟ್ಟಷ್ಟೂ ಹೆಚ್ಚು ಮಾರಾಟವಾಯಿತಂತೆ. ಸಮಿತಿಯಲ್ಲಿ ಅರ್ಧ ಜನ ಇಡೋಣ ಎಂದರು, ಅರ್ಧ ಜನ ಎಸೆಯೋಣ ಎಂದರು. ಕೊನೆಗೆ ಅಧ್ಯಕ್ಷರಾದ ನಿವೃತ್ತ ಜಡ್ಜ್ ಸಾಹೇಬರು ಎಲ್ಲರ ಬಾಯಿ ಮುಚ್ಚಿಸುವ ತೀರ್ಪು ಕೊಟ್ಟರು: ಪುಸ್ತಕ ಇರಲಿ, ಆದರೆ ಮದುವೆಯಾದವರಿಗೆ ಮಾತ್ರ. ಗಂಡ ಹೆಂಡತಿ ಜೋಡಿಯಾಗಿ ಬರಬೇಕು, ಅಲ್ಲೇ ಒಂದೇ ಬೆಂಚಿನ ಮೇಲೆ ಕೂತು ಓದಿ, ವಾಪಸು ಕೊಟ್ಟು ಹೋಗಬೇಕು.

ಮದುವೆಯಾದವರಿಗೆ ಜೊತೆಯಲ್ಲಿ ಕೂತು ಪ್ರೇಮದ ಕತೆ ಓದುವ ಪುರುಸೊತ್ತು ಎಲ್ಲಿಂದ ಬರಬೇಕು? ಪುಸ್ತಕದ ಮೇಲೆ ಧೂಳು ಕೂತಿತು. ಜಡ್ಜ್ ಸಾಹೇಬರ ಹೊಟ್ಟೆ ತಣ್ಣಗಾಯಿತು.

ಗ್ರಂಥಾಲಯದ ಹಿಂದಿನ ಗಲ್ಲಿಯಲ್ಲಿ ಅಜ್ಜಿ ಮೊಮ್ಮಗಳ ಅಂಗಡಿ. ಅಜ್ಜಿ ಒಗೆಯುತ್ತಿದ್ದಳು, ಮೊಮ್ಮಗಳು ಇಸ್ತ್ರಿ ಹಾಕುತ್ತಿದ್ದಳು. ಈ ಮೊಮ್ಮಗಳಿಗೆ ಗಲ್ಲಿಯವರು ಇಟ್ಟ ಹೆಸರು ಗಾಳಿಗೋಪುರ. ತಪ್ಪು ಅವಳದಲ್ಲ, ಅಜ್ಜಿಯ ಕತೆಗಳದು. ಅಲ್ಲಿ ರಾಜಕುಮಾರಿಯರು ಸೌದೆ ಒಡೆಯುವವರನ್ನು, ರಾಜಕುಮಾರರು ಬಾತು ಕಾಯುವವರನ್ನು ಮದುವೆಯಾಗುತ್ತಲೇ ಇದ್ದರು. ಮನೆಯವರು ಯಾರೂ ಚಕಾರ ಎತ್ತುತ್ತಿರಲಿಲ್ಲ.

"ಆಮೇಲೆ ಅವಳ ಅತ್ತೆ ಏನಂದ್ಲು ಅಜ್ಜಿ?" ಎಂದು ಚಿಕ್ಕಂದಿನಲ್ಲಿ ಅವಳು ಕೇಳಿದ್ದಳು.

"ಮಲ್ಕೋ ಅಂದ್ಲು," ಎಂದಿದ್ದಳು ಅಜ್ಜಿ.

ಅತ್ತೆ ಅಂದದ್ದು ಆ ಬೀಗದ ಪುಸ್ತಕದಲ್ಲಿರಬೇಕು ಎಂಬ ಗುಮಾನಿ ಹುಡುಗಿಗೆ. ಅದನ್ನೇ ನೆನೆಯುತ್ತ ಒಂದು ದಿನ ಗಿರಾಕಿಯ ಎದುರೇ ಕರಿ ಕೋಟಿನ ತೋಳು ಸುಟ್ಟಳು. ಗಿರಾಕಿ ಎಂದರೆ ಜಡ್ಜ್ ಸಾಹೇಬರ ಮೊಮ್ಮಗ, ಹೊಸದಾಗಿ ವಕೀಲನಾದವನು.

"ಅಯ್ಯೋ ನನ್ನ ಕೋಟು! ಯಾವ ಲೋಕದಲ್ಲಿ ಇದ್ರಿ?"

"ಬೀಗ ಹಾಕಿದಾರಲ್ಲ, ಆ ಪುಸ್ತಕ ಹೇಗೆ ಮುಗಿಯುತ್ತೆ ಅಂತ ಯೋಚ್ನೆ ಮಾಡ್ತಿದ್ದೆ."

ವಕೀಲ ಕೋಟು ಮರೆತ. "ನಂಗೂ ಅದೇ ಹುಳ. ತಾತ ಬೇಡ ಅಂದಾಗಿನಿಂದ ಕೊರೀತಾ ಇದೆ."

"ಹಾಗಾದ್ರೆ ನಂಗೆ ಗಂಡ ಆಗ್ತೀರಾ?" ಎಂದುಬಿಟ್ಟಳು. ಬಾಯಿಂದ ಬಿದ್ದ ಮೇಲೆ ಕಿವಿಯವರೆಗೂ ಕೆಂಪಾಗಿ, "ಪುಸ್ತಕಕ್ಕೆ ಮಾತ್ರ!" ಎಂದು ಸೇರಿಸಿದಳು.

ಗ್ರಂಥಪಾಲಕಿ ಬೇರೆ ಊರಿನಿಂದ ಹೊಸದಾಗಿ ಬಂದವರು. ಗಂಡ ಹೆಂಡತಿ ಎಂದು ಹೇಳಿಕೊಂಡು ಬಂದ ಇಬ್ಬರನ್ನೂ ಕನ್ನಡಕದ ಮೇಲಿನಿಂದ ನೋಡಿದರು. ಹುಡುಗ ಜಡ್ಜ್ ಸಾಹೇಬರ ಮೊಮ್ಮಗ ಎಂದು ತಿಳಿದ ಮೇಲೂ ಅನುಮಾನ ಹೋಗಲಿಲ್ಲ. ಆದರೆ ಬೆಂಚಿನ ಮೇಲೆ ಕೂತ ಮರುಗಳಿಗೆಯೇ ಇಬ್ಬರ ಜಗಳ ಶುರುವಾಯಿತು.

"ಇನ್ನೂ ಆಗಿಲ್ವಾ? ಹಾಳೆ ತಿರುಗಿಸ್ತೀನಿ," ಎಂದ ವಕೀಲ.

"ತಿರುಗಿಸಿದ್ರೆ ನೋಡಿ ಮತ್ತೆ! ನಿಮಗೇನು ರೈಲು ಹೊರಟುಹೋಗತ್ತಾ?"

"ಮೊಣಕೈ ತೆಗೀರಿ, ಸಾರೋಟಿನವನು ಕಾಣ್ತಾ ಇಲ್ಲ."

ಗ್ರಂಥಪಾಲಕಿಗೆ ಸಮಾಧಾನವಾಯಿತು. ಮದುವೆಯಾಗದವರು ಹೀಗೆ ಕಚ್ಚಾಡುವುದುಂಟೇ?

ದಿನವೂ ಸಂಜೆ ಇಬ್ಬರೂ ಬಂದರು. ಯಜಮಾನಿ ಸಾರೋಟು ಹತ್ತಿದಳು, ಇಳಿದಳು, ಅತ್ತಳು, ಮತ್ತೆ ಹತ್ತಿದಳು. ಉಳಿದ ಹಾಳೆಗಳು ತೆಳ್ಳಗಾದಂತೆ ಓದು ನಿಧಾನವಾಯಿತು. ಪುಸ್ತಕ ಮುಗಿದರೆ ಬೆಂಚೂ ಮುಗಿಯಿತು, ಆಮೇಲೆ ಇವನು ಬರೀ ಕೋಟಿನ ಗಿರಾಕಿ ಎಂಬ ಚಿಂತೆ ಹುಡುಗಿಗೆ. ಓದಿದ ಪುಟವನ್ನೇ ಮತ್ತೆ ಓದುತ್ತಿದ್ದಳು. ಅವನೂ ಯಾಕೋ "ತಿರುಗಿಸ್ತೀನಿ" ಎನ್ನುವುದನ್ನು ಬಿಟ್ಟ. ಕಣ್ಣಿಗೆ ಧೂಳು ಬಿತ್ತೆಂದು ಒಂದು ಸಂಜೆಯೆಲ್ಲ ಕಣ್ಣುಜ್ಜುತ್ತ ಕೂತ.

ಕೊನೆಯ ಅಧ್ಯಾಯದ ಬಾಗಿಲಲ್ಲಿ ಇವರು ಹೀಗೆ ಮೀನಮೇಷ ಎಣಿಸುತ್ತಿದ್ದಾಗ ಜಡ್ಜ್ ಸಾಹೇಬರು ಬಂದರು. ಗ್ರಂಥಪಾಲಕಿ ಎದ್ದು ನಿಂತು, "ಸಾರ್, ನಿಮ್ಮ ಮೊಮ್ಮಗ, ಅವನ ಹೆಂಡ್ತಿ ಎಷ್ಟು ಚೆನ್ನಾಗಿದಾರೆ! ದೃಷ್ಟಿ ತೆಗೀಬೇಕು," ಎಂದರು.

"ಯಾರ ಹೆಂಡ್ತಿ?" ಸಾಹೇಬರು ಗುಡುಗಿದರು. ಪೇಪರ್ ಓದುವವರೆಲ್ಲ ಪೇಪರ್ ಇಳಿಸಿದರು.

ವಕೀಲ ಬೆಂಚಿನ ತುದಿಗೆ ಸರಿದ. "ಇ... ಇಲ್ಲ ತಾತ. ಇವರು ನಮ್ಮ ಇಸ್ತ್ರಿಯವರು. ಪುಸ್ತಕಕ್ಕೋಸ್ಕರ ಸುಮ್ನೆ..."

ಸುಮ್ಮನೆ! ಹುಡುಗಿ ಎದ್ದಳು. ಕಣ್ಣು ತುಂಬಿದರೂ ಧ್ವನಿ ನಡುಗಲಿಲ್ಲ. "ಹೌದು ಸಾರ್, ಸುಮ್ನೆ. ಮೇಡಂ, ಪುಸ್ತಕ ತಗೊಳ್ಳಿ. ಮುಗಿಸೋದು ಬೇಡ. ಸಾರೋಟಿನವನು ಏನು ಮಾಡ್ತಾನೆ ಅಂತ ಗೊತ್ತಾಯ್ತು. ದೊಡ್ಡವರು ಗದರಿದ ತಕ್ಷಣ ಕುದುರೆ ಹಿಂದೆ ಅಡಗ್ತಾನೆ."

ಗ್ರಂಥಪಾಲಕಿ ಪುಸ್ತಕ ಕಪಾಟಿಗಿಟ್ಟು ಬೀಗದ ಕೈ ತಿರುಗಿಸಿದರು. ಆ ಕಟಕ್ ಸದ್ದು ವಕೀಲನಿಗೆ ಚುರುಕು ಮುಟ್ಟಿಸಿತು.

"ಮೇಡಂ, ಆ ಪುಸ್ತಕ ಬೇರೆ ಯಾರಿಗೂ ಕೊಡಬೇಡಿ! ನಾವು ಮದುವೆ ಆಗಿ ಬರ್ತೀವಿ."

"ಯಾರನ್ನ ಕೇಳಿ ಹೇಳ್ತಿದೀರಿ?" ಎಂದಳು ಹುಡುಗಿ.

"ಈಗ ಕೇಳ್ತಿದೀನಿ. ಎಲ್ಲರ ಎದುರಿಗೇ ಕೇಳ್ತಿದೀನಿ. ಆಗ್ತೀರಾ? ಪುಸ್ತಕಕ್ಕೆ ಅಲ್ಲ."

"ಶ್!" ಎಂದರು ಗ್ರಂಥಪಾಲಕಿ, ಅಭ್ಯಾಸಬಲದಿಂದ.

"ನೋಡಿದ್ರಾ?" ಸಾಹೇಬರು ಸಮಿತಿಯೇ ಎದುರಿಗಿದ್ದಂತೆ ಕೈ ಎತ್ತಿದರು. "ಈ ಪುಸ್ತಕ ಓದಿದವರು ಕೆಡ್ತಾರೆ ಅಂತ ಬಡ್ಕೊಂಡೆ!"

"ಇನ್ನೂ ಪೂರ್ತಿ ಓದಿಲ್ಲ ಸಾರ್," ಎಂದರು ಗ್ರಂಥಪಾಲಕಿ ಮೆಲ್ಲಗೆ.

ಹುಡುಗಿ ಕಣ್ಣೊರೆಸಿಕೊಂಡಳು. "ನಂಗೆ ಒಪ್ಪಿಗೆ. ಆದ್ರೆ ನಮ್ಮಜ್ಜಿನ ಕೇಳಬೇಕು."

"ನಾನೇ ಕೇಳ್ತೀನಿ!" ಸಾಹೇಬರು ಕೋಲು ಕುಟ್ಟಿದರು. "ಮೊಮ್ಮಗಳಿಗೆ ಬುದ್ಧಿ ಹೇಳೋದು ಬಿಟ್ಟು ಏನು ಮಾಡ್ತಾ ಇದಾರೆ ಅಂತ ಈಗಲೇ ವಿಚಾರಿಸ್ತೀನಿ. ಕಾರು ಎಲ್ಲಿ?"

"ನಮ್ಮ ಗಲ್ಲೀಲಿ ಕಾರು ಹಿಡಿಸಲ್ಲ ತಾತ. ನಡ್ಕೊಂಡು ಬನ್ನಿ," ಎಂದಳು ಹುಡುಗಿ.

ತಾತ ಎಂದಳೇ? ಸಾಹೇಬರು ತಿದ್ದಲು ಬಾಯಿ ತೆರೆಯುವಷ್ಟರಲ್ಲಿ ಇಬ್ಬರೂ ಮೆಟ್ಟಿಲಿಳಿದಾಗಿತ್ತು. ಗಲ್ಲಿಯ ತುಂಬ ಹಗ್ಗ, ಹಗ್ಗದ ತುಂಬ ಅಜ್ಜಿ ಹರವಿದ ಒದ್ದೆ ದುಪ್ಪಟಿಗಳು. ಹುಡುಗಿ ಮುಂದೆ ಮುಂದೆ ಅವನ್ನು ಎತ್ತಿ ಹಿಡಿದಳು. ಸಾಹೇಬರು ಬೈಯುತ್ತ, ಬಗ್ಗುತ್ತ, ಏಳುತ್ತ, ಮತ್ತೆ ಬಗ್ಗುತ್ತ ಬಂದರು. ಕೊನೆಯ ದುಪ್ಪಟಿಯ ಆಚೆಯಿಂದ ಅಜ್ಜಿಯ ದನಿ ಕೇಳಿತು:

"ಯಾರಪ್ಪಾ ಅದು? ಬರೋದು ಬರ್ತೀಯ, ಆ ತುದಿ ಹಿಡ್ಕೋ, ನೀರು ಹಿಂಡೋಣ."