ಕಂಸದೊಳಗಿನ ಹೆಸರು

ಇಸೊಲೀನಾ ಒಂಬತ್ತನೆಯ ಕುರ್ಚಿಯನ್ನೂ ಮಡಿಸಿ ಗೋಡೆಗೆ ಒರಗಿಸಿದಳು. ಹತ್ತನೆಯದಕ್ಕೆ ಕೈಹಾಕುವಷ್ಟರಲ್ಲಿ ನಾದಿನಿ ಕೊರಿನ್ನಾ ಬಂದು ಅದರ ಮೇಲೆ ಧೊಪ್ಪನೆ ಕೂತುಬಿಟ್ಟಳು.

"ಮಡಿಸ್ಬೇಡ ಅತ್ತಿಗೆ. ಇನ್ನೂ ಹನ್ನೆರಡೂವರೆ. ಯಾರಾದ್ರೂ ಬರ್ತಾರೆ."

"ಬೆಳಿಗ್ಗೆಯಿಂದ ಯಾರು ಬಂದ್ರು ಹೇಳು? ಕೆಳಗಿನ ಮನೆಯೋಳು ಬಂದ್ಲು, ಅದೂ ಸದ್ದು ಯಾತಕ್ಕೆ ಅಂತ ಕೇಳೋಕೆ. ಆಮೇಲೆ ಪಾದ್ರಿ. ಅವರು ಬರೋದು ಅವರ ಕೆಲಸ."

ಒಳಕೋಣೆಯಲ್ಲಿ ಅವಳ ಗಂಡ ರಾನಿಯೇರಿ ಮದುವೆಯ ಕೋಟು ತೊಟ್ಟು ಶವಪೆಟ್ಟಿಗೆಯಲ್ಲಿ ಮಲಗಿದ್ದ. ಎರಡು ತಿಂಗಳು ಪೀಸಾದ ಆಸ್ಪತ್ರೆಯಲ್ಲಿ ಕರಗಿ ಕರಗಿ, ಇಪ್ಪತ್ತು ವರ್ಷ ಮೈಗೆ ಹಿಡಿಸದಿದ್ದ ಕೋಟು ಈಗ ಸಲೀಸಾಗಿ ಹಿಡಿಸಿತ್ತು. ಅಡುಗೆಮನೆಯಲ್ಲಿ ಮೂರನೆಯ ಸಲ ಕುದಿಸಿದ ಕಾಫಿ ಮೂರನೆಯ ಸಲ ತಣ್ಣಗಾಗುತ್ತಿತ್ತು. ಇಸೊಲೀನಾಳಿಗೆ ಅಳುವುದಕ್ಕೂ ತ್ರಾಣವಿರಲಿಲ್ಲ. ಎರಡು ತಿಂಗಳು ಬಸ್ಸು ಹತ್ತಿ ಇಳಿದು ಅವಳ ಕಾಲು ಬಾತುಕೊಂಡಿದ್ದವು. ಈಗ ಅವಳಿಗೆ ಬೇಕಿದ್ದುದು ಒಂದೇ: ಮೂರು ಗಂಟೆಗೆ ಪೆಟ್ಟಿಗೆ ಮೇಲೇಳುವಾಗ ಅದಕ್ಕೆ ಭುಜ ಕೊಡಲು ಊರಿನ ನಾಲ್ಕು ಜನ. ಬಾಡಿಗೆಯ ಆಳುಗಳಲ್ಲ, ಅವನನ್ನು ಬಲ್ಲವರು.

"ಪ್ರವಾಹ ಬಂದ ಮೇಲೆ ಹಳೇ ಬೀದಿ ಬಿಟ್ಟು ಈ ಪೆಟ್ಟಿಗೆಯಂಥ ಮನೆಗೆ ಬಂದ್ರಿ. ಇಲ್ಲಿ ಯಾರಿಗೆ ಯಾರು ಗೊತ್ತು?" ಕೊರಿನ್ನಾ ಕರವಸ್ತ್ರದಿಂದ ಗಾಳಿ ಬೀಸಿಕೊಂಡಳು. "ಊರಿನ ಗೋಡೆಯೇ ಹೇಳಬೇಕಿತ್ತು. ಆ ಗೋಡೆಯ ಬಾಯಿಯನ್ನೂ ನೀನು ಹೊಲಿದುಬಿಟ್ಟೆ."

ಗೋಡೆ ಎಂದರೆ ಏನು ಅಂತ ಇಬ್ಬರಿಗೂ ಗೊತ್ತಿತ್ತು. ಪೊಂತೆದೇರಾದಲ್ಲಿ ಯಾರು ಸತ್ತರೂ ಕಪ್ಪು ಅಂಚಿನ ಕಾಗದ ಅಚ್ಚಾಗಿ ಬೀದಿ ಬೀದಿಯ ಗೋಡೆಗೆ ಅಂಟುತ್ತದೆ. ದೊಡ್ಡ ಅಕ್ಷರದಲ್ಲಿ ಹೆಸರು, ಅದರ ಕೆಳಗೆ ಕಂಸದಲ್ಲಿ ಅಡ್ಡಹೆಸರು. ಕಂಸದೊಳಗಿನದನ್ನು ಓದಿಯೇ ಊರು ಅಯ್ಯೋ ಅನ್ನುವುದು. ಮೇಲಿನ ಹೆಸರು ಪಾದ್ರಿಗೆ, ಪುರಸಭೆಗೆ. ನಿನ್ನೆ ಅಚ್ಚಿನ ಮನೆಯವನು ಪೆನ್ಸಿಲು ಎತ್ತಿ ಕೇಳಿದ್ದ: "ಕಂಸದಲ್ಲಿ ಏನು ಹಾಕ್ಲಿ ತಾಯಿ?"

"ಏನೂ ಬೇಡ," ಅಂದಿದ್ದಳು ಇಸೊಲೀನಾ.

ಒಂದು ಗಂಟೆಗೆ ಮೆಟ್ಟಿಲ ಮೇಲೆ ಯಾರೋ ಏದುಸಿರು ಬಿಡುತ್ತಾ ಹತ್ತುವ ಸದ್ದಾಯಿತು. ಗಾಸ್ಪೆರೋ. ಕಾರ್ಖಾನೆಯಲ್ಲಿ ರಾನಿಯೇರಿಯ ಜೊತೆ ಇಪ್ಪತ್ತೇಳು ವರ್ಷ ದುಡಿದವನು, ಪಕ್ಕದ ಬೆಂಚಿನಲ್ಲಿ ತಗಡು ಬಡಿದವನು. ಬಾಗಿಲಲ್ಲಿ ಟೋಪಿ ತೆಗೆದವನು ಒಳಗೆ ಬರದೆ ಅಲ್ಲೇ ನಿಂತ.

"ನನ್ನ ಕೆನ್ನೆಗೆ ಹೊಡಿ ಇಸೊಲೀನಾ. ಬೆಳಿಗ್ಗೆ ಆ ಕಾಗದದ ಮುಂದೇನೇ ನಿಂತಿದ್ದೆ. ನಾವು ನಾಲ್ಕು ಜನ ನಿಂತಿದ್ವಿ. 'ರಾನಿಯೇರಿ ಚೆಕ್ಕೊತ್ತಿ, ಅರವತ್ಮೂರು ವರ್ಷ. ಪಾಪ, ಯಾರೋ ಹೊರಗಿನೋನು,' ಅಂದೆ. ಅಂದು ಇಸ್ಪೀಟಾಡೋಕೆ ಹೋದೆ!"

"ಒಟ್ಟಿಗೆ ಉಂಡೋನ ಹೆಸರು ಗೊತ್ತಿಲ್ವಾ ನಿಂಗೆ?" ಕೊರಿನ್ನಾ ಕೇಳಿದಳು.

"ಗೊತ್ತಿತ್ತು ಅಂದ್ಕೊಂಡಿದ್ದೆ ಕಣಮ್ಮ. ಎರಡು ಆಟ ಮುಗಿದ ಮೇಲೆ, ಕೆಳಗೆ ಸಣ್ಣದಾಗಿ 'ಪತ್ನಿ ಇಸೊಲೀನಾ' ಅಂತಿತ್ತಲ್ಲ, ಅದು ತಲೆಗೆ ಹೊಡೀತು. ಎಲೆ ಅಲ್ಲೇ ಬಿಸಾಕಿ ಓಡಿ ಬಂದೆ."

ಗಾಸ್ಪೆರೋ ಒಳಕೋಣೆಗೆ ಹೋಗಿ ಗೆಳೆಯನ ಕಾಲ ಬಳಿ ನಿಂತು ಮಕ್ಕಳ ಹಾಗೆ ಬಿಕ್ಕಿದ. ಇಸೊಲೀನಾ ಮಡಿಸಿದ ಕುರ್ಚಿಯೊಂದನ್ನು ಮತ್ತೆ ಬಿಡಿಸಿ ಅವನ ಹಿಂದೆ ಇಟ್ಟಳು.

*

ಯುದ್ಧ ಮುಗಿದ ಮೊದಲ ಚಳಿಗಾಲ. ಬಾಂಬು ಬಿದ್ದ ಕಾರ್ಖಾನೆಗೆ ಅರ್ಧ ಚಾವಣಿ ಇರಲಿಲ್ಲ. ವಿಮಾನ ಮಾಡುತ್ತಿದ್ದ ಜಾಗದ ಒಂದು ಮೂಲೆಯಲ್ಲಿ ಟಾರ್ಪಾಲು ಇಳಿಬಿಟ್ಟು, ಅದರ ಹಿಂದೆ ಎಂಟು ಜನ ಏನನ್ನೋ ಮಾಡುತ್ತಿದ್ದರು. ಮನೆಯಲ್ಲೂ ಬಾಯಿ ಬಿಡಬಾರದು ಅಂತ ಕಟ್ಟಪ್ಪಣೆ. ಬೈಕಿನ ಹಾಗೆ ಕಾಲೆತ್ತಿ ಹಾಕಬೇಕಿಲ್ಲದ, ಹೆಂಗಸರೂ ಪಾದ್ರಿಗಳೂ ಕುರ್ಚಿಯಲ್ಲಿ ಕೂತ ಹಾಗೆ ಕೂತು ಹೋಗಬಹುದಾದ ಗಾಡಿ. ನಕ್ಷೆಯಲ್ಲಿ ಎಲ್ಲ ಸರಿಯಿತ್ತು. ಆದರೆ ಲಂಗ ಉಟ್ಟವಳು ಹತ್ತಿದರೆ ಅಂಚು ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ನಕ್ಷೆ ಹೇಳಲಿಲ್ಲ. ಟಾರ್ಪಾಲಿನ ಹಿಂದೆ ಹೆಂಗಸರಿಗೆ ಪ್ರವೇಶವಿಲ್ಲ. ಮೇಸ್ತ್ರಿ ಎಂಟು ಜನರನ್ನೂ ನೋಡಿ, ಎಲ್ಲರಿಗಿಂತ ಸಣಕಲನಾದ ರಾನಿಯೇರಿಯನ್ನು ಆರಿಸಿದ. "ನಾಳೆ ಹೆಂಡ್ತಿ ಲಂಗ ತಗೊಂಡು ಬಾ."

ಇಸೊಲೀನಾಳಿಗೆ ಆಗ ಇದ್ದದ್ದು ಒಂದೇ ಒಳ್ಳೆಯ ಲಂಗ, ತಾಯಿಯ ಕೋಟನ್ನು ಬಿಚ್ಚಿ ಹೊಲಿದ ನೀಲಿ ಉಣ್ಣೆಯದು. ರಾನಿಯೇರಿ ಅದನ್ನುಟ್ಟು ನಾಲ್ಕು ದಿನ ಹತ್ತಿದ, ಇಳಿದ, ಹತ್ತಿದ. ಅಂಚು ತಾಗಿದಲ್ಲೆಲ್ಲ ಸೀಮೆಸುಣ್ಣದ ಗುರುತು. ಆಮೇಲೆ ಲಂಗ ಕಳಚಿ, ಗುರುತಿನ ತಗಡನ್ನು ಬಿಚ್ಚಿ, ಮರಳಿನ ಚೀಲದ ಮೇಲಿಟ್ಟು ಮರದ ಸುತ್ತಿಗೆಯಿಂದ ತಾನೇ ತಗ್ಗಿಸಿದ. ಕಾಲಿಡುವ ಜಾಗ ಎರಡು ಬೆರಳಿನಷ್ಟು ಕೆಳಗೆ ಹೋಯಿತು. ಬ್ರೇಕಿನ ಮಗ್ಗುಲಿನ ತಗಡು ದುಂಡಗಾಯಿತು. ಕೆಲಸ ಮುಗಿದ ಮೇಲೆ ಲಂಗವನ್ನು ಮಡಿಸಿ, ಏನೂ ಆಗಿಲ್ಲವೆಂಬಂತೆ ಪೆಟಾರಿಯಲ್ಲಿಟ್ಟ. ಗಂಡಸರಿಗೆ ಲಂಗ ಮಡಿಸಲು ಬರುವುದಿಲ್ಲ.

ಭಾನುವಾರ ಪೂಜೆಗೆ ಹೊರಟ ಇಸೊಲೀನಾ ತೆಗೆದು ನೋಡುತ್ತಾಳೆ: ಅಂಚು ಹರಿದಿದೆ, ಹಿಂಭಾಗದಲ್ಲಿ ಎಣ್ಣೆ ಕಲೆ. ಕೇಳಿದರೆ ಗಂಡ ಬಾಯಿ ಬಿಡಲೊಲ್ಲ. ಇಡೀ ರಾತ್ರಿ ಅವಳ ತಲೆಯಲ್ಲಿ ಒಬ್ಬ ಹೆಂಗಸು ಓಡಾಡಿದಳು. ಮರುದಿನ ಪಾಳಿ ಬಿಡುವ ಹೊತ್ತಿಗೆ ಲಂಗ ಹಿಡಿದು ಕಾರ್ಖಾನೆಯ ಬಾಗಿಲಿಗೇ ಹೋದಳು. ಸಾವಿರ ಗಂಡಸರು ಹೊರಬರುತ್ತಿದ್ದರು.

"ನನ್ನ ಲಂಗ ಯಾವಳಿಗೆ ಉಡಿಸಿದೆ, ಹೇಳೋ!"

ರಾನಿಯೇರಿ ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ ಕಣ್ಣಲ್ಲೇ ಬೇಡ ಅಂದ. ರಾನಿಯೇರಿ ತಲೆ ತಗ್ಗಿಸಿ, ಆದರೆ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದ. "ಯಾವಳಿಗೂ ಇಲ್ಲ ಇಸೊಲೀ. ನಾನೇ ಉಟ್ಕೊಂಡಿದ್ದೆ."

ಆಗ ಎದ್ದ ನಗು ನದಿಯ ಆಚೆ ದಡಕ್ಕೂ ಕೇಳಿಸಿರಬೇಕು. "ಲಂಗಾ! ಏಯ್ ಲಂಗಾ!" ವಸಂತದಲ್ಲಿ ಆ ಗಾಡಿ, ವೆಸ್ಪಾ ಸ್ಕೂಟರು, ಬೀದಿಗೆ ಬಂದಾಗ ಇಸೊಲೀನಾಳಿಗೆ ಎಲ್ಲ ಅರ್ಥವಾಯಿತು. ಅಷ್ಟರಲ್ಲಿ ಹೆಸರು ಗಂಡನಿಗೆ ಅಂಟಿ ಗಟ್ಟಿಯಾಗಿತ್ತು. ಯಾಕೆ ಬಂತು ಅಂತ ತಿಳಿಯದವರೂ ಲಂಗ ಅಂತಲೇ ಕರೆದರು. ಅವಳೊಬ್ಬಳು ಮಾತ್ರ ಆ ಮಾತನ್ನು ಮತ್ತೆ ಬಾಯಲ್ಲಿ ತರಲಿಲ್ಲ.

*

ಗಾಸ್ಪೆರೋ ಕಣ್ಣೊರೆಸಿಕೊಂಡು ಹೊರಗೆ ಬಂದ. ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದ.

"ಎರಡಕ್ಕೆ ಪಾಳಿ ಬಿಡ್ತದೆ. ಕಾರ್ಖಾನೆ ಬಾಗಿಲಲ್ಲಿ ನಿಂತು ಕೂಗಿ ಹೇಳ್ತೀನಿ. ಆದ್ರೆ ಏನಂತ ಕೂಗ್ಲಿ? ಚೆಕ್ಕೊತ್ತಿ ಸತ್ತ ಅಂದ್ರೆ ಒಬ್ಬನೂ ತಿರುಗಿ ನೋಡಲ್ಲ. ನಾನೇ ನೋಡ್ಲಿಲ್ಲ."

"ಇವತ್ತೊಂದಿನ ಆದ್ರೂ ಮನುಷ್ಯನ ಹಾಗೆ ಹೋಗ್ಲಿ ಗಾಸ್ಪೆರೋ," ಇಸೊಲೀನಾ ಅಂದಳು. "ಆ ಹೆಸರು ಕಟ್ಟಿದೋಳು ನಾನು. ಇಪ್ಪತ್ತೆಂಟು ವರ್ಷ ಅದನ್ನ ಹೊತ್ಕೊಂಡು ತಿರುಗಿದ್ರು. ಪೆಟ್ಟಿಗೆಯೊಳಗೂ ಹೊತ್ಕೊಂಡು ಹೋಗ್ಬೇಕಾ?"

"ಹೊತ್ಕೊಂಡನಾ? ಯಾರು ಹೇಳಿದ್ದು ನಿಂಗೆ?"

"ಹೇಳೋದೇನು. ಮನೇಲಿ ಒಂದು ದಿನ ಆ ಮಾತು ಎತ್ತಲಿಲ್ಲ."

"ನಿನ್ನ ಮುಖ ನೋಡಿ ಎತ್ತಿರಲ್ಲ!" ಗಾಸ್ಪೆರೋ ಬಟ್ಟಲನ್ನು ಟಣ್ಣನೆ ಇಟ್ಟ. "ಹೊಸಬ ಬಂದ್ರೆ ಕೈ ಚಾಚಿ ಏನನ್ನೋನು ಗೊತ್ತಾ? 'ನಾನು ಲಂಗ, ತಗಡಿನ ವಿಭಾಗ.' ಊಟದ ಹೊತ್ತಲ್ಲಿ ಬೀದೀಲಿ ಹುಡುಗೀರು ಗಾಡಿ ಮೇಲೆ ಹೋದ್ರೆ ನಮಗೆಲ್ಲ ಮೊಣಕಾಲಿನ ಮೇಲೆ ಕಣ್ಣು, ಇವನಿಗೆ ಲಂಗದ ಅಂಚಿನ ಮೇಲೆ. 'ನೋಡ್ರೋ, ಎಲ್ಲೂ ಸಿಕ್ಕಿಲ್ಲ,' ಅನ್ನೋನು. ಆಮೇಲೆ ತಗಡು ಒತ್ತೋ ದೊಡ್ಡ ಪ್ರೆಸ್ಸು ಬಂತು. ಸುತ್ತಿಗೆ ಕಿತ್ಕೊಂಡು ನಮ್ಮನ್ನೆಲ್ಲ ಉಗ್ರಾಣಕ್ಕೆ ಹಾಕಿದ್ರು. ಆವಾಗ ಅವನಿಗೆ ಅಂತ ಉಳಿದಿದ್ದು ಅದೊಂದೇ ಕಣೇ. ಅದನ್ನೂ ನೀನು ನಿನ್ನೆ ಕಿತ್ಕೊಂಡೆ."

ಇಸೊಲೀನಾ ನಿಂತಲ್ಲೇ ಮೇಜಿನ ಅಂಚು ಹಿಡಿದುಕೊಂಡಳು. ತಾನು ಅವನ ನೋವು ಕೆದಕಬಾರದೆಂದು ಸುಮ್ಮನಿದ್ದಳು, ಅವನು ಇವಳಿಗೆ ನಾಚಿಕೆಯೆಂದು ಸುಮ್ಮನಿದ್ದ. ಒಂದೇ ಮನೆಯಲ್ಲಿ, ಒಂದೇ ಮೇಜಿನ ಎದುರುಬದುರು. ಎಂಥ ದಡ್ಡತನ.

"ಹೋಗು," ಅಂದಳು. ಅವನ ಟೋಪಿ ಎತ್ತಿ ಕೈಗೆ ಕೊಟ್ಟಳು. "ಲಂಗ ಸತ್ತ ಅಂತ ಹೇಳು. ಲಂಗನ ಹೆಂಡ್ತಿ ಕರೀತಾಳೆ ಅನ್ನು."

ಎರಡೂವರೆಗೆ ಕುರ್ಚಿ ಸಾಲಲಿಲ್ಲ. ಎಣ್ಣೆ ಮೆತ್ತಿದ ನೀಲಿ ಅಂಗಿಯಲ್ಲೇ ಬಂದವರು ಮೆಟ್ಟಿಲ ತುಂಬ ನಿಂತರು. ಕೆಳಗಿನ ಮನೆಯವಳು ಬಾಗಿಲು ತೆರೆದು, ಈ ಸಲ ಸದ್ದಿನ ಬಗ್ಗೆ ಏನೂ ಕೇಳದೆ ಶಿಲುಬೆಯ ಗುರುತು ಹಾಕಿಕೊಂಡಳು. "ಲಂಗಾ, ಇದೇನಯ್ಯ," ಅಂತ ಒಬ್ಬ ಮುದುಕ ಹೆಣಕ್ಕೇ ಗದರಿದ. ಇಸೊಲೀನಾ ಒಬ್ಬೊಬ್ಬರ ಕೈಯನ್ನೂ ಹಿಡಿದಳು.

ಮುಚ್ಚಳ ಹಾಕಿ ತಿರುಪು ಬಿಗಿದ ಮೇಲೆ ಹೆಗಲು ಕೊಡಲು ಆರು ಜನ ಮುಂದೆ ಬಂದರು, ಆರೂ ಹಳೆಯ ತಗಡಿನವರು. ಆದರೆ ಯಾರೂ ಎತ್ತಲಿಲ್ಲ. ತಗಡು ಬಡಿಯುವವರು ಕಣ್ಣನ್ನು ನಂಬುವುದಿಲ್ಲ. ಕಣ್ಣು ಮುಚ್ಚಿ, ಬರಿಯ ಅಂಗೈಯಿಂದ ಸವರಿ ಉಬ್ಬುತಗ್ಗು ನೋಡುತ್ತಾರೆ. ಯಾರೂ ಹೇಳದೆಯೇ ಆರು ಅಂಗೈಗಳು ಮುಚ್ಚಳದ ಮೇಲೆ ನಿಧಾನವಾಗಿ ಹರಿದಾಡಿದವು.

"ಇಲ್ಲೊಂದು ಉಬ್ಬು ಬಿಟ್ಟಿದಾನೆ ಬಡಗಿ," ಅಂದ ಗಾಸ್ಪೆರೋ.

"ಹೌದಲ್ಲೋ. ಲಂಗ ಆಗಿದ್ರೆ ವಾಪಸ್ ಕಳಿಸಿರೋನು."

"ಹೊತ್ತಾಯ್ತು, ಬೇಗ ಬೇಗ," ಅಂತ ಶವದ ವ್ಯಾನಿನವನು ಮೆಟ್ಟಿಲಿನಿಂದ ಕೂಗಿದ. ಯಾರೂ ಕೈ ತೆಗೆಯಲಿಲ್ಲ.

ಇಸೊಲೀನಾ ನಡುವೆ ಬಂದು ಕಣ್ಣು ಮುಚ್ಚಿ ಅಂಗೈ ಊರಿದಳು. ಮೊದಲು ಬರೀ ನುಣುಪು. ಗಾಸ್ಪೆರೋ ಅವಳ ಮಣಿಕಟ್ಟು ಹಿಡಿದು ಒಂದು ಬೆರಳಿನಷ್ಟು ಎಡಕ್ಕೆ ಸರಿಸಿದ. ಅಕ್ಕಿಕಾಳಿನಷ್ಟು ಸಣ್ಣದೊಂದು ಉಬ್ಬು ಅವಳ ಅಂಗೈಗೆ ತಾಗಿತು.