ಮೂರು ಮನೆಯ ಫ್ರಿಜ್ ಕೆಟ್ಟ ದಿನ

ನಮ್ಮ ಯಜಮಾನರದು ಫ್ರಿಜ್ ರಿಪೇರಿ ಕೆಲಸ. ಅವರಿದ್ದ ಅಂಗಡಿ ಮುಚ್ಚಿ ನಾಲ್ಕು ತಿಂಗಳಾಗಿತ್ತು. ಕಟ್ಟಡದಲ್ಲಿ ಯಾರಿಗೂ ತಿಳಿಯಬಾರದೆಂದು ಅವರು ದಿನಾ ಟೂಲ್ ಬ್ಯಾಗು ಹೆಗಲಿಗೇರಿಸಿ ಹೊರಟು, ಪಾರ್ಕಿನಲ್ಲಿ ಕೂತು ಸಂಜೆ ಬರುತ್ತಿದ್ದರು. ನಾನು ಕುಕ್ಕರಿಗೆ ಬರೀ ನೀರು ಹಾಕಿ ಮೂರು ವಿಷಲ್ ಕೂಗಿಸುತ್ತಿದ್ದೆ. ಹೊಟ್ಟೆಗೆ ಹಿಟ್ಟಿಲ್ಲದವರ ಜುಟ್ಟಿಗೆ ಮಲ್ಲಿಗೆಯಾದರೂ ಬೇಡವೇ? ಆಮೇಲೆ ಇಬ್ಬರೂ ಚಹಾಕ್ಕೆ ಬ್ರೆಡ್ಡು ಅದ್ದಿಕೊಂಡು ತಿನ್ನುತ್ತಿದ್ದೆವು.

ಹಬ್ಬದ ಬೆಳಿಗ್ಗೆ ಕೆಳಮನೆಯ ನರ್ಸಮ್ಮ ದೊಡ್ಡ ಪಾತ್ರೆ ಹೊತ್ತು ಬಂದರು.

"ನಮ್ಮ ಫ್ರಿಜ್ ಕೆಟ್ಟೋಗಿದೆ ಕಣಮ್ಮ. ಇದನ್ನ ನಿಮ್ಮದ್ರಲ್ಲಿ ಇಟ್ಕೋ. ಹಾಳಾಗೋ ಹಾಗಿದ್ರೆ ನೀವೇ ತಿಂದುಬಿಡಿ."

ನಮ್ಮ ಫ್ರಿಜ್ಜಿನಲ್ಲಿದ್ದದ್ದು ಅರ್ಧ ನಿಂಬೆಹಣ್ಣು. ಕರೆಂಟು ಉಳಿಸಲು ಫ್ರಿಜ್ಜನ್ನೂ ಆರಿಸಿಟ್ಟಿದ್ದೆ. ಅವರೆಲ್ಲಿ ಬಾಗಿಲು ತೆಗೆಯುತ್ತಾರೋ ಎಂದು ಅಡ್ಡ ನಿಂತೇ ಪಾತ್ರೆ ಇಸಿದುಕೊಂಡೆ. ಹಿಂದೆಯೇ ಎದುರುಮನೆಯ ಕಂಡಕ್ಟರ್ ಮಾವ, ಆಮೇಲೆ ಮೇಲ್ಮನೆಯ ಟೀಚರಮ್ಮ ಒಂದೊಂದು ಪಾತ್ರೆ ತಂದರು. ಒಬ್ಬರ ಉತ್ತರ ನೋಡಿ ಇನ್ನೊಬ್ಬರು ಬರೆದಂತೆ ಎಲ್ಲರದೂ ಅದೇ ಮಾತು.

ನನಗೆ ವಿಷಯ ಹೊಳೆಯಿತು. ಯಜಮಾನರಿಗೆ ಹೊಳೆಯಲಿಲ್ಲ. ನಾಲ್ಕು ತಿಂಗಳಿಂದ ಕಾಣದ ಕಳೆ ಮುಖಕ್ಕೆ ಬಂದಿತ್ತು. ವೋಲ್ಟೇಜ್ ಏರುಪೇರಾಗಿರಬೇಕು ಎನ್ನುತ್ತಾ ಬ್ಯಾಗು ಎತ್ತಿಕೊಂಡು ಇಳಿದೇಬಿಟ್ಟರು. ತಡೆಯಬೇಕೆಂದರೆ, ನಮ್ಮ ಗುಟ್ಟು ಊರಿಗೆಲ್ಲ ಗೊತ್ತು ಎಂದು ನಾನೇ ಬಾಯಿಬಿಡಬೇಕು. ಅಷ್ಟು ತಿಳಿದರೆ ಅವರು ಮೂರು ಪಾತ್ರೆಗಳನ್ನೂ ಹಿಂತಿರುಗಿಸಿಬಿಡುತ್ತಾರೆ, ನಾಳೆಯಿಂದ ತಲೆ ಎತ್ತಿ ಮೆಟ್ಟಿಲು ಇಳಿಯುವವರಲ್ಲ. ಸುಮ್ಮನೆ ಹಿಂದೆ ಓಡಿದೆ.

ನಮ್ಮನ್ನು ಕಂಡು ನರ್ಸಮ್ಮ ಅಡುಗೆಮನೆಗೆ ನುಗ್ಗಿ ಪ್ಲಗ್ ಕಿತ್ತರು. ಯಜಮಾನರು ಫ್ರಿಜ್ಜಿನ ಬೆನ್ನು ಮುಟ್ಟಿ ನೋಡಿದರು, ಇನ್ನೂ ಬಿಸಿ. ಬಾಗಿಲು ತೆಗೆದರು, ಟ್ರೇಯಲ್ಲಿ ಐಸು ಕಲ್ಲಿನಂತಿತ್ತು. ಐಸು ನೋಡಿದರು, ನರ್ಸಮ್ಮನ ಕೈಯ ಪ್ಲಗ್ ನೋಡಿದರು, ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

ಆಮೇಲೆ ಅವರು ಕುಕ್ಕರುಗಾಲಲ್ಲಿ ಕೂತು ನಾಲ್ಕು ಸ್ಕ್ರೂ ಬಿಚ್ಚಿದರು. ಉಫ್ ಎಂದು ದೂಳು ಊದಿ ಅವೇ ನಾಲ್ಕನ್ನು ಮತ್ತೆ ಹಾಕಿದರು.

"ಸರಿಹೋಯ್ತು ಅಕ್ಕ. ಆದ್ರೆ ನಾಳೆವರೆಗೂ ಒಳಗೆ ಹೊಸದಾಗಿ ಏನೂ ಇಡ್ಬೇಡಿ."

"ಹಾಗಾದ್ರೆ ನಮ್ಮ ಪಾತ್ರೆ?"

"ನಮ್ಮಲ್ಲೇ ಇರ್ಲಿ. ನಾವು ನೋಡ್ಕೋತೀವಿ."

ಅವರು ಕಂಡಕ್ಟರ್ ಮಾವನ ಮನೆಗೆ ಸ್ಕ್ರೂ ಬಿಚ್ಚಲು ಹೋದಾಗ ನರ್ಸಮ್ಮ ನನ್ನ ಕೈ ಹಿಡಿದುಕೊಂಡರು. "ಇನ್ನು ಆ ಕುಕ್ಕರ್ ಕೂಗಿಸ್ಬೇಡ ಕಣಮ್ಮ. ದಿನಾ ಮೂರು ವಿಷಲ್, ಒಂದಿನಾನೂ ಪಾತ್ರೆ ತಿಕ್ಕೋ ಸದ್ದಿಲ್ಲ."

ಮೇಲ್ಮನೆಗೆ ಹೋದ ಯಜಮಾನರು ಮಾತ್ರ ಒಂದು ಗಂಟೆಯಾದರೂ ಇಳಿಯಲಿಲ್ಲ. ಹೋಗಿ ನೋಡಿದರೆ ಬೆವರು ಸುರಿಸಿಕೊಂಡು ನಿಜವಾಗಿಯೂ ರಿಪೇರಿ ಮಾಡುತ್ತಿದ್ದರು. ಟೀಚರಮ್ಮನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ನಮ್ಮ ಮನೆಗೆ ಬರುವ ಮುಂಚೆ ಪ್ಲಗ್ ಕಿತ್ತು, ಫ್ರಿಜ್ಜಿನ ವೈರು ಕತ್ತರಿಸಿಯೇ ಬಂದಿದ್ದರು.